ಪಾಚಿ ವಿಷದ ಪ್ರಾಜೆಕ್ಟ್, ಮೂರನೇ ವಾರ: ಬ್ಲೀಚ್ ಕೈಕೊಟ್ಟಿತು

ವಿಷದ ಬಾಟಲಿ ಇನ್ನೂ ತೆರೆದಿಲ್ಲ. ಬ್ಲೀಚ್ ಸರಿಹೋಗುವ ತನಕ ತೆರೆಯುವುದೂ ಇಲ್ಲ.

ಕಾರವಾರದಿಂದ ತರಿಸುವ ನೀಲಿಕಲ್ಲಿನ (ತಿನ್ನುವ ಸಮುದ್ರದ ಚಿಪ್ಪುಜೀವಿ) ಮಾಂಸದಲ್ಲಿ ಸ್ಯಾಕ್ಸಿಟಾಕ್ಸಿನ್ ಇದೆಯೇ ಎಂದು ಬೆಳಗಾವಿಯ ನಮ್ಮ ಕಾಲೇಜ್ ಲ್ಯಾಬಿನಲ್ಲಿ ನೋಡಬೇಕು. ಸಮುದ್ರದ ಸೂಕ್ಷ್ಮ ಪಾಚಿಯ ವಿಷ ಅದು. ನರಗಳನ್ನು ಕಟ್ಟಿಹಾಕಿ ಉಸಿರನ್ನೇ ನಿಲ್ಲಿಸಬಲ್ಲದು. ಪರೀಕ್ಷೆಯ ಕಿಟ್ಟಿನ ಜೊತೆ ಬರುವ ವಿಷ ಎಳ್ಳುಕಾಳಿನಷ್ಟೂ ಅಲ್ಲ. ಆದರೂ ಕೆಲಸ ಮುಗಿದ ಮೇಲೆ ಆ ಟ್ಯೂಬು, ಪಿಪೆಟ್‌ಗೆ ಸಿಕ್ಕಿಸುವ ಟಿಪ್ಪುಗಳನ್ನು ಏನು ಮಾಡುವುದು?

"ಆಟೋಕ್ಲೇವ್‌ಗೆ ಹಾಕ್ರಿ, ಮುಗೀತು" ಅಂದರು ಜೊತೆಯವರು. ಒತ್ತಡದ ಹಬೆಯಲ್ಲಿ ಬೇಯಿಸುವ ಯಂತ್ರ ಅದು. 121 ಡಿಗ್ರಿಗೆ ಪಾಚಿ ಸಾಯುತ್ತದೆ, ವಿಷ ಹೋಗುವುದಿಲ್ಲ. ಮಾಂಸದಿಂದ ಇದನ್ನು ಹೊರತೆಗೆಯುವ ಹಳೆಯ ವಿಧಾನವೇ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 5 ನಿಮಿಷ ಕುದಿಸುವುದು! ಕುದಿತಕ್ಕೆ ಜಗ್ಗದ ಇದಕ್ಕೆ ಬ್ಲೀಚೇ ಬೇಕು: 2.5% ಸೋಡಿಯಂ ಹೈಪೋಕ್ಲೋರೈಟ್, ಲೀಟರಿಗೆ 10 ಗ್ರಾಂ ಕಾಸ್ಟಿಕ್ ಸೋಡಾ, 30 ನಿಮಿಷ.

ಕ್ಯಾನಿನ ಮೇಲೆ 5% ಎಂದಿತ್ತು. ಅರ್ಧಕ್ಕರ್ಧ ನೀರು ಬೆರೆಸಿದರಾಯಿತು ಅಂದುಕೊಂಡಿದ್ದೆ. ಯಾಕೋ ಮನಸ್ಸು ಒಪ್ಪಲಿಲ್ಲ, ಅಳೆದೆ. ಹತ್ತು ಪಟ್ಟು ತೆಳುಮಾಡಿದ ಬ್ಲೀಚ್ 10 ಮಿಲಿ, ಮೊದಲು ಪೊಟ್ಯಾಸಿಯಂ ಅಯೋಡೈಡ್, ಆಮೇಲೆ ಅಸಿಟಿಕ್ ಆಮ್ಲ. ಈ ಕ್ರಮ ತಪ್ಪಬಾರದು, ಫ್ಯೂಮ್ ಹುಡ್ (ಹೊಗೆ, ಅನಿಲ ಹೊರಗೆಳೆಯುವ ಗೂಡು) ಒಳಗೇ ಆಗಬೇಕು. ಬ್ಲೀಚ್ ಬಿಡಿಸಿದ ಅಯೋಡಿನ್‌ಗೆ ದ್ರಾವಣ ಚಹಾ ಡಿಕಾಕ್ಷನ್‌ನಂತೆ ಕಂದಾಯಿತು. ಆ ಅಯೋಡಿನ್ ಅಳೆದರೆ ಬ್ಲೀಚಿನ ಬಲ ಗೊತ್ತಾಗುತ್ತದೆ. ಬ್ಯುರೆಟ್‌ನಿಂದ 0.1 ನಾರ್ಮಲ್ ಥಯೋಸಲ್ಫೇಟ್ ಬಿಡುತ್ತ ಬಂದೆ. ಹುಲ್ಲಿನ ಹಳದಿಗೆ ಇಳಿದಾಗ ಸ್ಟಾರ್ಚ್ ಹಾಕಿದೆ, ಕಡುನೀಲಿ. ಕೊನೆಯ ಒಂದು ಹನಿಗೆ ಆ ನೀಲಿ ಪೂರಾ ಮಾಯ. ಖರ್ಚಾದ ಥಯೋಸಲ್ಫೇಟ್ 8.6 ಮಿಲಿ. ಲೆಕ್ಕ ಹಾಕಿದರೆ ಬರೀ 3.2%. ಅಂದರೆ ನಾನು ಬೆರೆಸುತ್ತಿದ್ದದ್ದು 1.6%.

ಅಂಗಡಿಯಲ್ಲಿ ಕೇಳಿದರೆ, "ಶಿವರಾತ್ರಿಗಿ ಬಂದ ಮಾಲ್ ಐತ್ರಿ ಅಕ್ಕಾರ." ಕ್ಯಾನುಗಳು ಮೇ ಬಿಸಿಲಲ್ಲಿ ಕಟ್ಟೆಯ ಮೇಲಿದ್ದವು. ಬಿಸಿಲು, ಶಾಖ ಎರಡೂ ಬ್ಲೀಚನ್ನು ತಿನ್ನುತ್ತವೆ. ಒಳಗಿನಿಂದ ಹೊಸದು ಕೊಡಿಸಿಕೊಂಡೆ: 13.1 ಮಿಲಿ, 4.9%. ಕಂದು ಬಾಟಲಿಗೆ ಸುರಿದು, ತಾರೀಕು ಬರೆದು, ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದೇನೆ. ಪ್ರತಿ ಸೋಮವಾರ ಅಳೆಯುತ್ತೇನೆ.

ಇನ್ನೊಂದು ಭಯ ಉಳಿದಿತ್ತು. ಕುದಿಸಿ ತೆಗೆದ ಸಾರ ಆಮ್ಲ. ಅದಕ್ಕೆ ನೇರ ಬ್ಲೀಚ್ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಹಾಗಾಗಿ ಮೊದಲು ಕಾಸ್ಟಿಕ್, ಕೆಂಪು ಲಿಟ್ಮಸ್ ನೀಲಿಯಾದ ಮೇಲಷ್ಟೇ ಬ್ಲೀಚ್. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಸಿಂಕ್ ಮೇಲೆ ಅಂಟಿಸಿದ್ದೇನೆ.

ನಿನ್ನೆ ವಿಷದ ಬದಲು ಬೀಟ್‌ರೂಟ್ ನೀರಿನಲ್ಲಿ ತಾಲೀಮು. ಟಿಪ್ಪುಗಳನ್ನು ಬ್ಲೀಚಿನಲ್ಲಿ ಮುಳುಗಿಸಿದೆವು. ಅರ್ಧ ಗಂಟೆಗೆ ಎಲ್ಲ ಬೆಳ್ಳಗಾದರೂ ನಾಲ್ಕರ ತುದಿಯಲ್ಲಿ ಕೆಂಪು ಹಾಗೇ ಇತ್ತು: ಒಳಗೆ ಗಾಳಿಗುಳ್ಳೆ, ಬ್ಲೀಚ್ ಹೊಕ್ಕೇ ಇಲ್ಲ. ಇನ್ನುಮುಂದೆ ಪ್ರತಿ ಟಿಪ್ಪಿಗೂ ಪಿಪೆಟ್‌ನಲ್ಲೇ ಬ್ಲೀಚ್ ಎಳೆದು ತುಂಬಿ, ಆಮೇಲೆ ಮುಳುಗಿಸುವುದು. ನಾಳೆ ಮತ್ತೆ ಬೀಟ್‌ರೂಟ್.