ಒಂದೇ ಕೋಡ್ ಎರಡು ಕಡೆ ಇದ್ದರೆ ತಪ್ಪಾ?

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಕೋಡ್ ಓದಲು ಶುರು ಮಾಡಿದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ಒಂದೇ ಥರದ ಸಾಲು ಹತ್ತು ಕಡೆ ಕಾಣುತ್ತದೆ. ಎಲ್ಲವನ್ನೂ ಒಂದು ಫಂಕ್ಷನ್‌ಗೆ ಹಾಕಬಾರದಾ?" ಕೋಡ್ ರಿಪೀಟ್ ಮಾಡಬೇಡಿ ಅಂತಲೇ ಎಲ್ಲರೂ ಕಲಿತಿರುತ್ತೇವೆ, ಅಲ್ವಾ?

ಹಾಕಬಹುದು. ಆದರೆ ಆ ಫಂಕ್ಷನ್ ಏನನ್ನು ಮುಚ್ಚಿಡುತ್ತದೆ ಅಂತ ಮೊದಲು ನೋಡಿ.

2025ರ ಆಗಸ್ಟ್‌ನಲ್ಲಿ ಲಿನಕ್ಸ್ 6.17ಕ್ಕೆ ಬಂದ ರಿಸ್ಕ್-ಫೈವ್ (ಒಂದು ಬಗೆಯ ಪ್ರೊಸೆಸರ್ ವಿನ್ಯಾಸ) ಪ್ಯಾಚ್‌ಗಳನ್ನು, ಅಂದರೆ ಕೋಡ್ ಬದಲಾವಣೆಗಳನ್ನು, ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ತೆಗೆದುಕೊಳ್ಳಲಿಲ್ಲ. ತಡವಾಗಿ ಬಂದವು ಅನ್ನುವುದು ಒಂದು ಕಾರಣ. ಅವರಿಗೆ ಜಾಸ್ತಿ ಸಿಟ್ಟು ಬರಿಸಿದ್ದು ಮಾತ್ರ ಅದರಲ್ಲಿದ್ದ ಒಂದು ಪುಟ್ಟ ಹೆಲ್ಪರ್ (ಸಹಾಯಕ ಕೋಡ್). ಎರಡು 16 ಬಿಟ್ ಸಂಖ್ಯೆಗಳನ್ನು ಜೋಡಿಸಿ ಒಂದು 32 ಬಿಟ್ ಸಂಖ್ಯೆ ಮಾಡುವುದಷ್ಟೇ ಅದರ ಕೆಲಸ. 'ಎ'ಯನ್ನು 16 ಬಿಟ್ ಎಡಕ್ಕೆ ಸರಿಸಿ 'ಬಿ' ಕೂಡಿಸು ಅಂತ ನೇರವಾಗಿ ಬರೆದರೆ ಮೇಲಿನ ಅರ್ಧ ಯಾವುದು ಅಂತ ಅಲ್ಲೇ ಕಾಣುತ್ತದೆ. 'ಎರಡು ಯು16ರಿಂದ ಯು32 ಮಾಡು' ಅನ್ನುವಂಥ ಹೆಸರಿನಿಂದ ಅದು ಗೊತ್ತಾಗುವುದಿಲ್ಲ. ಆ ಹೆಲ್ಪರ್ ಬರೆದಿರುವ ಹೆಡರ್ ಫೈಲ್ ತೆರೆದು ನೋಡಬೇಕು. ನೇರವಾಗಿ ಬರೆದಾಗ ಒಂದು ಕಾಸ್ಟ್ (ಸಂಖ್ಯೆಯ ಟೈಪ್ ಬದಲಿಸುವ ಸೂಚನೆ) ಬೇಕಾಗಬಹುದು ಅಂತ ಟೊರ್ವಾಲ್ಡ್ಸ್ ಅವರೇ ಒಪ್ಪಿದರು. ಆಗ ಸಾಲು ಅಷ್ಟು ಚೆಂದ ಕಾಣುವುದಿಲ್ಲ, ಆದರೂ ಅರ್ಥವಾಗುತ್ತದೆ. ಅವರ ಮಾತಿನ ಒರಟುತನ ನನಗೆ ಹಿಡಿಸಲಿಲ್ಲ. ವಾದ ಮಾತ್ರ ಸರಿ.

ಹಾಗಂತ ನಕಲು ಯಾವಾಗಲೂ ಒಳ್ಳೆಯದಲ್ಲ. ಹಿಂದೆ ಲಿನಕ್ಸ್‌ನಲ್ಲಿ 32 ಬಿಟ್ ಇಂಟೆಲ್ ಯಂತ್ರಗಳಿಗೆ ಒಂದು ಫೋಲ್ಡರ್, 64 ಬಿಟ್‌ಗೆ ಇನ್ನೊಂದು ಇತ್ತು. ಎರಡರಲ್ಲೂ ಸುಮಾರಾಗಿ ಅದೇ ಕೋಡ್. ಒಂದರಲ್ಲಿ ಬಗ್ ಸರಿಮಾಡಿದರೂ ಇನ್ನೊಂದರಲ್ಲಿ ಹಾಗೇ ಉಳಿಯುವ ಅಪಾಯ ಇತ್ತು. 2008ರ ಜನವರಿಯಲ್ಲಿ ಬಂದ ಲಿನಕ್ಸ್ 2.6.24ರಲ್ಲಿ ಎರಡನ್ನೂ ಎಕ್ಸ್86 ಅನ್ನುವ ಒಂದೇ ಫೋಲ್ಡರ್‌ಗೆ ತಂದರು. ಹೇಗೆ ತಂದರು ನೋಡಿ: ಏಕಾಏಕಿ ಕಲಸಿಬಿಡಲಿಲ್ಲ. ಎಷ್ಟೋ ಫೈಲ್‌ಗಳ ಹೆಸರಿನ ಕೊನೆಗೆ 32, 64 ಅಂತ ಸೇರಿಸಿ ಪಕ್ಕಪಕ್ಕದಲ್ಲಿ ಇಟ್ಟರು. ಆಮೇಲೆ ನಿಜವಾಗಿ ಒಂದೇ ಆಗಿದ್ದನ್ನು ನಿಧಾನವಾಗಿ ಕೂಡಿಸುತ್ತ ಹೋದರು. ನನಗೆ ತುಂಬ ಇಷ್ಟವಾದ ಕೆಲಸ ಅದು.

ಹಾರ್ಡ್‌ವೇರ್ ನಡೆಸುವ ಕೋಡ್ ಆದ ಡ್ರೈವರ್‌ಗಳ ವಿಷಯ ಬೇರೆ. ಎರಡು ಕಂಪನಿಗಳ ಚಿಪ್‌ಗಳಿಗೆ ಇವತ್ತು ಒಂದೇ ಥರದ ಕೋಡ್ ಸಾಕಾಗಬಹುದು. ನಾಳೆ ಒಂದು ಚಿಪ್‌ನಲ್ಲಿ ದೋಷ ಸಿಕ್ಕಿದರೆ, ಇಬ್ಬರೂ ಹಂಚಿಕೊಂಡ ಫಂಕ್ಷನ್‌ಗೆ 'ಈ ಚಿಪ್ ಆದರೆ ಹೀಗೆ ಮಾಡು' ಅನ್ನುವ ಒಂದು ಫ್ಲ್ಯಾಗ್ ಸೇರುತ್ತದೆ. ಆಮೇಲೆ ಇನ್ನೊಂದು. ಆ ಚಿಪ್ ಇಲ್ಲದವರೂ ಅದನ್ನೆಲ್ಲ ಓದಬೇಕು. ಅಂಥ ಕಡೆ ಎಂಟು ಸಾಲು ಎರಡು ಸಲ ಬಂದರೆ ನಾನು ಸುಮ್ನೆ ಬಿಟ್ಟುಬಿಡುತ್ತೇನೆ.