ಮಧ್ಯಾಹ್ನದ ಧಾರಾವಾಹಿಯೂ ನಮ್ಮ ದೂರಿನ ಪುಸ್ತಕವೂ

ದಾವಣಗೆರೆಯ ಒಂದು ಕೇಬಲ್ ಕಚೇರಿಯಲ್ಲಿ ದೂರು ಬರೆದುಕೊಂಡು ಲೈನ್‌ಮನ್‌ಗಳಿಗೆ ಕೆಲಸ ಹಂಚುವುದು ನನ್ನ ಉದ್ಯೋಗ. ನಿಟುವಳ್ಳಿಯಿಂದ ಮಂಡಕ್ಕಿ ಭಟ್ಟಿ ಬಡಾವಣೆಯವರೆಗೆ ಹರಡಿರುವ ಮನೆಗಳಿಂದ ಮಧ್ಯಾಹ್ನದ ಹೊತ್ತು ಬರುವ ಕರೆಗಳಲ್ಲಿ ಬಹುಪಾಲು ಧಾರಾವಾಹಿ ನೋಡುವವರದು. ಹಿಂದಿನ ರಾತ್ರಿಯ ಮರುಪ್ರಸಾರ, ಮಧ್ಯಾಹ್ನಕ್ಕೆಂದೇ ಮಾಡಿದ ಹೊಸ ಕಥೆ, ಬೇರೆ ಭಾಷೆಯಿಂದ ಡಬ್ ಆಗಿ ಬಂದದ್ದು, ಯಾವುದಾದರೂ ಸರಿ, ಕರೆ ಮಾಡುವವರು ಮೊದಲು ಪಾತ್ರದ ಮಾತು ಆಡಿ ಆಮೇಲೆ ಲೈನಿನ ಮಾತಿಗೆ ಬರುತ್ತಾರೆ. ಆ ಮೊದಲ ಭಾಗವನ್ನು ಹರಟೆಯೆಂದು ತಳ್ಳಿಹಾಕದೆ ಕೇಳಿಸಿಕೊಂಡರೆ ನಮ್ಮ ಕೆಲಸಕ್ಕೆ ಬೇಕಾದದ್ದು ಬಹಳಷ್ಟು ಅದರಲ್ಲೇ ಸಿಗುತ್ತದೆ ಎಂಬುದು ಈ ಕುರ್ಚಿಯಲ್ಲಿ ಕುಳಿತು ನಾನು ಕಂಡುಕೊಂಡದ್ದು.

ಇದು ಮೊದಲು ನನಗೆ ಚೆನ್ನಾಗಿ ಅರಿವಾದದ್ದು 2019ರ ಫೆಬ್ರುವರಿಯಲ್ಲಿ. ಕೇಬಲ್ ದರಗಳಿಗೆ ನಿಯಮ ಮಾಡುವ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಹೊಸ ದರ ಪದ್ಧತಿ ಜಾರಿಗೆ ಬಂದು, ನೂರು ಚಾನೆಲ್‌ಗಳಿಗೆ 130 ರೂಪಾಯಿ ಮೂಲ ಶುಲ್ಕ, ಅದಕ್ಕೆ ಜಿಎಸ್‌ಟಿ, ಪಾವತಿ ಚಾನೆಲ್‌ಗಳಿಗೆ ಬೇರೆ ಹಣ ಎಂದಾದಾಗ, ಪ್ರತಿ ಮನೆಯವರೂ ತಮಗೆ ಬೇಕಾದ ಚಾನೆಲ್‌ಗಳನ್ನು ಅರ್ಜಿಯಲ್ಲಿ ಗುರುತಿಸಬೇಕಾಯಿತು. ಚಾನೆಲ್‌ನ ಹೆಸರು ಹೇಳಿದವರು ಕಡಿಮೆ. "ಬೀಗದ ಕೈ ಸೊಂಟಕ್ಕೆ ಸಿಕ್ಕಿಸ್ಕೊಂಡು ಓಡಾಡ್ತಾಳಲ್ರಿ, ಆ ಅತ್ತಿ ಬರೋದು ಬೇಕು. ಆಕಿ ಮಗ ಬರದಿದ್ರೂ ನಡಿತತಿ" ಎಂದು ಒಬ್ಬ ಅಜ್ಜಿ ಅರ್ಜಿ ತುಂಬಿಸಿದರು. ಮಗನ ಪಾತ್ರ ಮಾಡುವ ನಟನ ಬಗ್ಗೆ ಇದಕ್ಕಿಂತ ಚುಟುಕಾದ ವಿಮರ್ಶೆಯನ್ನು ನಾನು ಕೇಳಿಲ್ಲ.

ಧಾರಾವಾಹಿ ನೋಡುವವರು ಪಾತ್ರವನ್ನೂ ನಟಿಯನ್ನೂ ಒಂದೇ ಎಂದು ತಿಳಿಯುತ್ತಾರೆ ಎನ್ನುವವರು ದೂರಿನ ಫೋನನ್ನು ಒಂದು ವಾರ ಎತ್ತಿ ನೋಡಬೇಕು. ಕೆಟ್ಟ ಅತ್ತೆಗೆ ಶಾಪ ಹಾಕುವ ಅದೇ ಬಾಯಿ, ಮರುಕ್ಷಣವೇ "ಪಾತ್ರ ಮಾತ್ರ ಚಲೋ ಮಾಡ್ತಾಳ ನೋಡ್ರಿ" ಎನ್ನುತ್ತದೆ. ಬೈಗುಳ ಪಾತ್ರಕ್ಕೆ ಸಲ್ಲಬೇಕಾದದ್ದು, ಮೆಚ್ಚುಗೆ ಅಭಿನಯಕ್ಕೆ ಸಲ್ಲಬೇಕಾದದ್ದು. ಎರಡೂ ಖಾತೆಗಳನ್ನು ಅವರು ಬೇರೆ ಬೇರೆಯಾಗಿಯೇ ಇಟ್ಟಿರುತ್ತಾರೆ. ಟಿವಿ ವೀಕ್ಷಣೆಯನ್ನು ಅಳೆಯುವ ಬಾರ್ಕ್ ಸಂಸ್ಥೆ ಆಯ್ದ ಮನೆಗಳಲ್ಲಿ ಇಟ್ಟಿರುವ ಮೀಟರ್, ಚಾನೆಲ್‌ನ ಧ್ವನಿಯಲ್ಲಿ ಅಡಗಿಸಿದ ಗುರುತನ್ನು ಹಿಡಿದು ಯಾವ ಚಾನೆಲ್ ಎಷ್ಟು ಹೊತ್ತು ಓಡಿತು ಎಂದು ಲೆಕ್ಕ ಹಾಕುತ್ತದೆ. ಟಿವಿಯ ಮುಂದೆ ಕುಳಿತವರು ಬೈಯುತ್ತಿದ್ದರೋ ಅಳುತ್ತಿದ್ದರೋ ಎಂಬುದು ಅದಕ್ಕೆ ಬೇಕಿಲ್ಲ. ನಮ್ಮ ಫೋನಿಗೆ ಬರುವುದು ಆ ಎರಡನೆಯ ಸಂಗತಿ.

ಅಭಿನಯದ ಬಗ್ಗೆ ನಮ್ಮ ಕಚೇರಿಯಲ್ಲಿ ಒಂದು ಅಳತೆಗೋಲೇ ಹುಟ್ಟಿಕೊಂಡಿದೆ. ಧಾರಾವಾಹಿಯಲ್ಲಿ ಯಾರಾದರೂ ಗುಟ್ಟು ಹೊರಗೆಡಹಿದ ಕೂಡಲೇ ಮನೆಮಂದಿಯ ಮುಖಗಳನ್ನು ಒಂದೊಂದಾಗಿ, ಸಂಗೀತದ ಹೊಡೆತದೊಂದಿಗೆ, ಮತ್ತೆ ಮತ್ತೆ ತೋರಿಸುವುದು ಎಲ್ಲರಿಗೂ ಗೊತ್ತು. ಆಗ ಕೆಲವು ಮನೆಗಳಿಂದ "ಚಿತ್ರ ನಿಂತು ಬಿಟ್ಟತಿ" ಎಂಬ ದೂರು ಬರುತ್ತದೆ. ಲೈನ್ ನೋಡಿದರೆ ಏನೂ ಆಗಿರುವುದಿಲ್ಲ. ನಟನ ಮುಖವೇ ಹಾಗೆ ಮರದಂತೆ ನಿಂತಿರುತ್ತದೆ. ಕಣ್ಣಲ್ಲಿ ಏನಾದರೂ ನಡೆಸಬಲ್ಲ ನಟಿಯ ಮುಖವನ್ನು ಅದಕ್ಕಿಂತ ಹೆಚ್ಚು ಹೊತ್ತು ಹಿಡಿದರೂ ಅಂಥ ಕರೆ ಬರುವುದಿಲ್ಲ. ಆದ್ದರಿಂದ ಈಗ "ನಿಂತಿದೆ" ಎಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ, "ಹಿಂದಿನ ಸಂಗೀತ ಕೇಳಿಸ್ತಾ ಇದೆಯೇನಮ್ಮಾ?" ಎಂಬುದು. ಸಂಗೀತ ಓಡುತ್ತಿದ್ದರೆ ಅರ್ಧ ನಿಮಿಷ ಕಾಯಲು ಹೇಳುತ್ತೇನೆ. ಲೈನ್‌ಮನ್‌ಗೆ ಒಂದು ಓಡಾಟ ಉಳಿಯುತ್ತದೆ. ನಿಜವಾದ ದೋಷವಾದರೆ ಚಿತ್ರ ಚೌಕ ಚೌಕವಾಗಿ ಒಡೆದಿರುತ್ತದೆ, ಮಾತೂ ಕಡಿದು ಕಡಿದು ಬರುತ್ತದೆ.

ಮಧ್ಯಾಹ್ನದ ವೀಕ್ಷಕರಲ್ಲಿ ಅನೇಕರು ನೋಡುವುದಕ್ಕಿಂತ ಹೆಚ್ಚಾಗಿ ಕೇಳುತ್ತಾರೆ ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುವ ಒಬ್ಬ ಅಕ್ಕನ ಮನೆಗೆ ಬಾಕ್ಸ್ ಬದಲಾಯಿಸಲು ನಾನೇ ಹೋಗಿದ್ದೆ. ಒಲೆ ಒಂದು ಕಡೆ, ಟಿವಿ ಅವರ ಬೆನ್ನ ಹಿಂದೆ. ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ. ಆದರೆ ನಾಯಕಿ ಗಂಡನೆದುರು ಒಂದು ಮಾತು ಆಡಿದೊಡನೆ ಬಡಿಯುವ ಕೈ ನಿಂತಿತು, ತವೆಯ ಮೇಲಿನ ರೊಟ್ಟಿಯ ಅಂಚು ಕಪ್ಪಗಾಯಿತು. "ಇದು ಆಕಿ ಧ್ವನಿ ಅಲ್ಲ ತಮ್ಮಾ, ಸೋಮವಾರದಿಂದ ಬ್ಯಾರೆ ಯಾರೋ ಮಾತಾಡಾಕ ಹತ್ಯಾರ" ಎಂದರು. ಕನ್ನಡ ಬಾರದ ನಟಿಯರಿಗೆ ಬೇರೆಯವರು ಧ್ವನಿ ಕೊಡುವುದು ಧಾರಾವಾಹಿಗಳಲ್ಲಿ ಸಾಮಾನ್ಯ. ಕಂಠದಾನ ಮಾಡುವವರು ಬದಲಾದರೆ ತೆರೆಯ ಮೇಲಿನ ಮುಖ ಅದೇ ಇರುತ್ತದೆ. ಹಾಗಾಗಿ ಕಣ್ಣಿಟ್ಟು ನೋಡುವವರು ಅದನ್ನು ಗಮನಿಸಿಯೇ ಇರಲಿಲ್ಲ. ಹೊಸ ಧ್ವನಿ ಅಳುವಾಗ ಉಸಿರು ಎಳೆಯುವುದಿಲ್ಲ, ಬರೀ ಮಾತನ್ನು ನಡುಗಿಸುತ್ತದೆ ಎಂಬುದು ಆ ಅಕ್ಕನ ತಕರಾರು. "ಸೌಂಡ್ ಸರಿ ಇಲ್ಲ" ಎಂದು ಆ ವಾರ ಬಂದಿದ್ದ ದೂರುಗಳಲ್ಲಿ ಕೆಲವು ಇದೇ ಧಾರಾವಾಹಿಯನ್ನು ಕುರಿತವು. ಅವಕ್ಕೆ ನಾವು ಯಾವ ಬಾಕ್ಸ್ ಬದಲಾಯಿಸಿದರೂ ಪ್ರಯೋಜನವಿರಲಿಲ್ಲ.

ಮುಖವೇ ಬದಲಾದಾಗ ಗದ್ದಲ ಬೇರೆ ಬಗೆಯದು. 2022ರಲ್ಲಿ 'ಜೊತೆ ಜೊತೆಯಲಿ' ಧಾರಾವಾಹಿಯಿಂದ ನಟ ಅನಿರುದ್ಧ್ ಹೊರಬಂದು ಅವರ ಜಾಗಕ್ಕೆ ಹರೀಶ್ ರಾಜ್ ಬಂದ ಮೇಲೆ, ಹೊಸಬರನ್ನು ಒಪ್ಪಿದವರೂ ಒಪ್ಪದವರೂ ಕೇಬಲ್ ಬಿಲ್ ವಸೂಲಿಗೆ ಹೋದ ನಮ್ಮ ಹುಡುಗರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ವಾದ ಮಾಡಿದರು. ಅದು ರಾತ್ರಿಯ ಧಾರಾವಾಹಿಯಾದ್ದರಿಂದ ನನ್ನ ಮಧ್ಯಾಹ್ನಕ್ಕೆ ಅದರ ಬಿಸಿ ಅಷ್ಟಾಗಿ ತಟ್ಟಲಿಲ್ಲ.

ದಿನನಿತ್ಯದ ಕೆಲಸಕ್ಕೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಬೇರೊಂದು. ಕೇಬಲ್ ಎಷ್ಟು ಗಂಟೆಗೆ ಹೋಯಿತು ಎಂದು ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ, "ಆಗ್ಲೇ" ಎನ್ನುತ್ತಾರೆ. ಯಾವ ಸೀನಿನಲ್ಲಿ ಹೋಯಿತು ಎಂದು ಕೇಳಿದರೆ ತಪ್ಪದೆ ಹೇಳುತ್ತಾರೆ, ಅದೂ ಅಭಿನಯದ ಸಮೇತ. ಒಂದು ಮಧ್ಯಾಹ್ನ ಒಂದು ಬೀದಿಯವರು "ಸೊಸಿ ಕಾಗದ ಓದಾಕ ಬಾಯಿ ತೆಗೆದಾಗ" ಎಂದರು; ಮುಂದಿನ ಬೀದಿಯವರು "ಓದಿ ಮುಗ್ಸಿ ಅತ್ತಿ ಕುಸಿದು ಕುಂತ ಮ್ಯಾಲೆ" ಎಂದರು. ನಡುವೆ ಒಂದು ಜಾಹೀರಾತು ವಿರಾಮ. ಎಂದರೆ ಎರಡೂ ಬೀದಿಗಳ ಲೈನ್ ಒಟ್ಟಿಗೆ ಹೋಗಿಲ್ಲ. ಕಂಬದ ಮೇಲೆ ಸಿಗ್ನಲ್‌ಗೆ ಬಲ ಕೊಡುವ ಆಂಪ್ಲಿಫೈಯರ್‌ಗಳಿಗೆ ಕರೆಂಟ್ ಹೋದ ಕೂಡಲೇ ಮೊದಲನೆಯದು ಸತ್ತಿದೆ, ಎರಡನೆಯದು ಬ್ಯಾಟರಿ ಇರುವಷ್ಟು ಹೊತ್ತು ನಡೆದು ಆಮೇಲೆ ನಿಂತಿದೆ. ಮೊದಲನೆಯ ಆಂಪ್ಲಿಫೈಯರ್‌ನ ಬ್ಯಾಟರಿ ಕೆಲಸ ಮಾಡುತ್ತಿಲ್ಲ ಎಂದು ಲೈನ್‌ಮನ್ ಕಂಬ ಹತ್ತುವ ಮೊದಲೇ ತಿಳಿಯಿತು. ಅಂದಿನಿಂದ ಪುಸ್ತಕದಲ್ಲಿ ಸಮಯದ ಪಕ್ಕದಲ್ಲಿ ಸೀನಿಗೂ ಒಂದು ಅಂಕಣ ಹಾಕಿಸಿದ್ದೇನೆ. ದೂರಿನ ಕೆಲಸಕ್ಕೆ ಹೊಸದಾಗಿ ಸೇರಿದವರು ಎರಡು ಧಾರಾವಾಹಿಗಳ ಕಥೆಯನ್ನಾದರೂ ತಿಳಿದಿರಬೇಕು ಎಂಬ ಷರತ್ತಿಗೆ ಮಾಲೀಕರು ಮೊದಲು ನಕ್ಕರೂ ಈಗ ಅವರೇ ಅದನ್ನು ಕೇಳುತ್ತಾರೆ.

ಲೈನ್ ದುರಸ್ತಿಯ ವೇಳೆಯನ್ನೂ ಹಾಗೆಯೇ ಹೊಂದಿಸಿಕೊಂಡಿದ್ದೇವೆ. ತುರ್ತಿಲ್ಲದ ಕೆಲಸವೆಲ್ಲ ಬೆಳಿಗ್ಗೆ ಹನ್ನೊಂದರೊಳಗೆ ಮುಗಿಯಬೇಕು, ಇಲ್ಲವೇ ನಾಲ್ಕರ ನಂತರ. ಮದುವೆಯ ಮಹಾಸಂಚಿಕೆ ಎಂದು ಪ್ರೋಮೊ ಬಂದ ದಿನ ಏಣಿಯನ್ನು ಕಚೇರಿಯಿಂದ ಹೊರಗೆ ತೆಗೆಯುವುದೇ ಇಲ್ಲ. ಅಂದು ಬರುವ ಕರೆಗಳೆಲ್ಲ ಪ್ರಸಾರ ಮುಗಿದ ಮೇಲೆ ಬರುತ್ತವೆ; ತಾಳಿ ಕಟ್ಟಿದ್ದು ನಿಜವೋ ಕನಸೋ ಎಂಬುದನ್ನು ನಾವೇ ಹೇಳಬೇಕು.