ಖಾಲಿ ವಿಮಾನದಲ್ಲಿ ಅಮ್ಮನ್ನ ಲಕ್ನೋಗೆ ಕರ್ಕೊಂಡ್ ಹೋಗಿದ್ದು: ಹೋಗೋರಿಗೆ ಒಂದಷ್ಟು ವಿಷ್ಯ

ನಮ್ಮೂರು ತಿಪಟೂರು. ತಂಗಿ ಇರೋದು ಲಕ್ನೋದಲ್ಲಿ, ಹೆರಿಗೆ ಅಲ್ಲೇ ಅಂತ ಆಯ್ತು, ಡಾಕ್ಟರ್ ಓಡಾಡ್ಬೇಡಿ ಅಂದಿದ್ರು. ಸರಿ ಬಾಣಂತನಕ್ಕೆ ಅಮ್ಮನೇ ಹೊರಡ್ಬೇಕು, ಅಮ್ಮಂಗೆ 66 ವರ್ಷ, ಮಂಡಿ ನೋವು ಬೇರೆ, ಟ್ರೈನಲ್ಲಿ ಎರಡು ರಾತ್ರಿ ಕೂರೋದು ಆಗೋ ಮಾತಲ್ಲ. ಹಂಗಾಗಿ 2024ರ ನವೆಂಬರಲ್ಲಿ ದೀಪಾವಳಿ ಮುಗಿದು ಬಿಹಾರ, ಯುಪಿ ಕಡೆಯವರ ಛಠ್ ಹಬ್ಬನೂ ಕಳೆದ ಮೇಲೆ ನಾನೇ ಕರ್ಕೊಂಡ್ ಹೋದೆ, ಅಮ್ಮಂಗೆ ಅದೇ ಮೊದಲ ವಿಮಾನ.

ಟಿಕೆಟ್ ಬುಕ್ ಮಾಡುವಾಗ್ಲೇ ಒಂದು ವಿಷ್ಯ ಗಮನಕ್ಕೆ ಬಂತು, ಬೆಂಗಳೂರಿಂದ ಲಕ್ನೋಗೆ ಹೋಗೋ ಟಿಕೆಟ್ ಅಗ್ಗ, ಅದೇ ದಿನ ಅಲ್ಲಿಂದ ಇಲ್ಲಿಗೆ ಬರೋದು ಎರಡರಷ್ಟಕ್ಕಿಂತ ಜಾಸ್ತಿ. ಯೋಚ್ನೆ ಮಾಡಿದ್ರೆ ಸುಲಭ ಕಣ್ರಿ. ಬೆಂಗಳೂರಲ್ಲಿ ಕೆಲಸ ಮಾಡೋ ಆ ಕಡೆ ಜನ ಎಲ್ಲಾ ಹಬ್ಬಕ್ಕೆ ಮುಂಚೆ ಊರಿಗೆ ಹೋಗಿರ್ತಾರೆ, ಹಬ್ಬ ಆದ್ಮೇಲೆ ವಾಪಸ್ ಬರೋಕೆ ಮುಗಿಬೀಳ್ತಾರೆ, ಆಗ ಇಲ್ಲಿಂದ ಅಲ್ಲಿಗೆ ಹೋಗೋರು ಯಾರಿರ್ತಾರೆ? ನಿಮಗೆ ತಾರೀಕು ಆ ಕಡೆ ಈ ಕಡೆ ಮಾಡೋ ಅವಕಾಶ ಇದ್ರೆ ಜನ ನುಗ್ಗೋ ದಿಕ್ಕಿಗೆ ಎದುರು ದಿಕ್ಕಲ್ಲಿ ಹೋಗಿ. ವಯಸ್ಸಾದವರು ಜೊತೆಗಿದ್ರೆ ದುಡ್ಡು ಉಳಿಯೋದಕ್ಕಿಂತ ದೊಡ್ಡ ಲಾಭ ಅದು, ಯಾಕೆ ಅಂತ ಮುಂದೆ ಹೇಳ್ತೀನಿ.

ರಸ್ತೆ ವಿಷ್ಯ. ತುಮಕೂರು ಕಡೆಯವರು ಇನ್ನೂ ಎಷ್ಟೋ ಜನ ನೆಲಮಂಗಲ, ಹೆಬ್ಬಾಳ ಅಂತ ಬೆಂಗಳೂರೊಳಗೆ ನುಗ್ಗಿ ಏರ್‌ಪೋರ್ಟಿಗೆ ಹೋಗ್ತಾರೆ, ಬೇಡ. ದಾಬಸ್‌ಪೇಟೆಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ಅಲ್ಲಿಂದ ದೇವನಹಳ್ಳಿ, ಈಗ ಆ ರಸ್ತೆ ಅಗಲ ಆಗಿದೆ, ಸಿಟಿ ಟ್ರಾಫಿಕ್ ಮುಖನೇ ನೋಡ್ಬೇಕಾಗಿಲ್ಲ. ನಾವು ತಿಪಟೂರು ಬಿಟ್ಟಿದ್ದು ಬೆಳಗಿನ ಜಾವ 3 ಗಂಟೆಗೆ, ಫ್ಲೈಟ್ 9:40ಕ್ಕೆ, ದಾರೀಲಿ ಟೀ ಕುಡಿದ್ರೂ ಆರಾಮಾಗಿ ತಲುಪಿದ್ವಿ. ಟಿಕೆಟಲ್ಲಿ ಟರ್ಮಿನಲ್ 1 ಅಂತಿದ್ಯಾ 2 ಅಂತಿದ್ಯಾ ಮನೆಲೇ ನೋಡ್ಕೊಂಡ್ ಹೊರಡಿ. ವೀಲ್‌ಚೇರ್ ಬೇಕಿದ್ರೆ 48 ಗಂಟೆ ಮುಂಚೆ ಹೇಳಿಡಿ, ಮಂಡಿ ನೋವಿರೋರಿಗೆ ಸಂಕೋಚ ಬೇಡ, ಒಳಗೆ ನಡೆಯೋದು ತುಂಬಾ ಇದೆ.

ಈಗ ಕೊಬ್ಬರಿ ಕಥೆ, ಇದನ್ನ ನಮ್ಮ ಕಡೆಯವರು ದಯವಿಟ್ಟು ಓದಿ. ಬಾಣಂತಿಗೆ ಅಂಟಿನುಂಡೆ ಮಾಡ್ಬೇಕಲ್ಲ, ಅಮ್ಮ ನಮ್ಮ ಅಟ್ಟದ ಮೇಲೆ ವರ್ಷ ಪೂರ್ತಿ ಒಣಗಿಸಿದ ಉಂಡೆ ಕೊಬ್ಬರಿ 3 ಕೆಜಿ, ಅಂಟು, ಉತ್ತುತ್ತೆ ಎಲ್ಲಾ ಹಳೇ ಪಂಚೆಲಿ ಗಂಟು ಕಟ್ಟಿ ಸೂಟ್‌ಕೇಸಲ್ಲಿಟ್ಟಿದ್ರು. ಲಗೇಜ್ ಕೌಂಟರಲ್ಲಿ ಆ ಹುಡುಗ ಕೇಳಿದ ಮೊದಲ ಪ್ರಶ್ನೆನೇ ಒಣ ಕೊಬ್ಬರಿ ಇದ್ಯಾ ಅಂತ. ಕೊಬ್ಬರಿಲಿ ಎಣ್ಣೆ ಜಾಸ್ತಿ, ತಾನಾಗೇ ಬಿಸಿಯಾಗಿ ಬೆಂಕಿ ಹತ್ತೋ ವಸ್ತುಗಳ ಪಟ್ಟಿಲಿ ಅದಿದೆ, ಚೆಕ್‌-ಇನ್ ಲಗೇಜಲ್ಲಿ ಹಾಕಂಗಿಲ್ಲ. ಅಮ್ಮ ಒಂದೊಂದೇ ಗಿಟುಕು ಕೈಗೆ ತಗೊಂಡು ಒರೆಸಿ ಚೀಲಕ್ಕೆ ಹಾಕ್ತಿದ್ರೆ ನೋಡೋಕಾಗ್ಲಿಲ್ಲ ನಂಗೆ. ಪುಣ್ಯಕ್ಕೆ ಕಾರ್ ಡ್ರೈವರ್ ಇನ್ನೂ ಹೊರಟಿರ್ಲಿಲ್ಲ, ಫೋನ್ ಮಾಡಿ ಕರೆಸಿ ಅವನ ಕೈಲೇ ವಾಪಸ್ ಕಳಿಸಿದ್ವಿ, ಆಮೇಲೆ ಲಾರಿ ಪಾರ್ಸಲಲ್ಲಿ ಲಕ್ನೋಗೆ ಹೋಯ್ತು. ಅಂಟು, ಉತ್ತುತ್ತೆಗೆ ಯಾರೂ ಏನೂ ಕೇಳ್ಲಿಲ್ಲ. ಉಪ್ಪಿನಕಾಯಿ ಇದ್ರೆ ಕೈಚೀಲದಲ್ಲಿ ಇಡ್ಬೇಡಿ, ಚೆನ್ನಾಗಿ ಸೀಲ್ ಮಾಡಿ ದೊಡ್ಡ ಬ್ಯಾಗಿಗೆ ಹಾಕಿ.

ಗೇಟ್ ಹತ್ರ ಹೋದ್ರೆ ಕುರ್ಚಿಗಳೆಲ್ಲಾ ಖಾಲಿ. ನಂಗೆ ಗೇಟ್ ಏನಾದ್ರೂ ಬದಲಾಯ್ತಾ ಅಂತ ಗಾಬರಿ, ಎರಡು ಸಲ ಹೋಗಿ ಕೇಳ್ಕೊಂಡ್ ಬಂದೆ. ಕೊನೆಗೆ ಹತ್ತಿದ್ದು ಎಣಿಸಿ 26 ಜನ. 180 ಸೀಟಿನ ಏರ್‌ಬಸ್ ಎ320 ಅದು. ಒಳಗೆ ಕಾಲಿಟ್ಟಾಗ ಮುಂದಿಂದ ಹಿಂದಿನ ತನಕ ಬರೀ ಸೀಟಿನ ಬೆನ್ನುಗಳು, ಎಸಿ ಸದ್ದು ಬಿಟ್ರೆ ಏನೂ ಇಲ್ಲ. ಅಮ್ಮ ನನ್ನ ತೋಳು ಹಿಡ್ಕೊಂಡು ಮೆಲ್ಲಗೆ, "ಯಾಕಪ್ಪ ಯಾರೂ ಬಂದಿಲ್ಲ, ಏನಾದ್ರೂ ತೊಂದ್ರೆ ಇದ್ಯಾ ಇದ್ರಲ್ಲಿ?" ಅಂದ್ರು.

ನಾನು ಹೇಳ್ದೆ, ಅಮ್ಮ ನಮ್ಮೂರಿಗೆ ರಾತ್ರಿ ನೈಟ್ ಹಾಲ್ಟ್ ಬಸ್ ಬರಲ್ವಾ, ನಾಲ್ಕು ಜನ ಇದ್ರೂ ಬರತ್ತಲ್ವಾ, ಯಾಕಂದ್ರೆ ಬೆಳಿಗ್ಗೆ ತುಂಬ್ಕೊಂಡ್ ಹೋಗೋಕೆ ಆ ಬಸ್ ಅಲ್ಲಿರ್ಲೇಬೇಕು, ಇದೂ ಹಂಗೇ, ಲಕ್ನೋದಲ್ಲಿ ಬ್ಯಾಗ್ ಹಿಡ್ಕೊಂಡ್ ಜನ ಕಾಯ್ತಿದಾರೆ. ಆಗ ಸಮಾಧಾನ ಆಯ್ತು ಅವರಿಗೆ. ನಿಜಕ್ಕೂ ಕಾರಣ ಅದೇ, ಜೊತೆಗೆ ವಿಮಾನದ ಹೊಟ್ಟೆಲಿ ಸರಕೂ ಹೋಗ್ತಿರತ್ತೆ. ಗಗನಸಖಿಯರನ್ನೂ ಕಮ್ಮಿ ಮಾಡಂಗಿಲ್ಲ, 50 ಸೀಟಿಗೆ ಒಬ್ಬರು ಅನ್ನೋ ಲೆಕ್ಕ, ಸೀಟಿನ ಲೆಕ್ಕ, ಜನರ ಲೆಕ್ಕ ಅಲ್ಲ. ಹಂಗಾಗಿ ನಮ್ಮ 26 ಜನಕ್ಕೆ 4 ಜನ ಇದ್ರು.

ಇಲ್ಲಿ ಎಲ್ಲರೂ ಮಾಡೋ ತಪ್ಪು ಒಂದಿದೆ. ಖಾಲಿ ಇದೆ ಅಂದ ತಕ್ಷಣ ಇಷ್ಟ ಬಂದ ಕಡೆ ಹೋಗಿ ಕೂರೋದು. ನಮ್ಮ ಜೊತೆ ಆರೇಳು ಹುಡುಗ್ರು ಹಿಂದಿನ ಸೀಟಿಂದ ಎದ್ದು ಮುಂದಕ್ಕೆ ಬಂದ್ರು, ಗಗನಸಖಿ ಕೈಮುಗಿದು ವಾಪಸ್ ಕಳಿಸಿದ್ಳು. ಜನ ಕಮ್ಮಿ ಇದ್ದಾಗ ಎಲ್ಲರೂ ಒಂದೇ ಕಡೆ ಗುಂಪಾದ್ರೆ ವಿಮಾನದ ತೂಕದ ಮಧ್ಯಬಿಂದು ಸರಿಯತ್ತೆ, ಯಾವ ಭಾಗದಲ್ಲಿ ಎಷ್ಟು ಜನ ಅನ್ನೋ ಲೆಕ್ಕದ ಮೇಲೆ ಪೈಲಟ್ ಟೇಕಾಫಿಗೆ ಹಿಂದಿನ ರೆಕ್ಕೆ ಸೆಟ್ ಮಾಡಿರ್ತಾರೆ. ಇದನ್ನ ಅಮ್ಮಂಗೆ ಹೇಳಿದ್ರೆ, "ಎತ್ತಿನ ಗಾಡಿ ಹೊಡೆಯೋರಿಗೆ ಗೊತ್ತಿರೋದೇ ಅಲ್ವೇನೋ, ಹಿಂದುಗಡೆ ಹೇರು ಜಾಸ್ತಿ ಆದ್ರೆ ಮೂಕಿ ಮೇಲಕ್ಕೇಳತ್ತೆ" ಅಂದ್ರು. ಅಷ್ಟೇ ವಿಷ್ಯ. ಟೇಕಾಫ್ ಆಗಿ ಬೆಲ್ಟ್ ಲೈಟ್ ಆರೋ ತನಕ ಚೀಟಿಲಿರೋ ಸೀಟಲ್ಲೇ ಕೂತಿರಿ, ಆಮೇಲೆ ಕೇಳಿ ಬದಲಾಯಿಸಿ, ಲ್ಯಾಂಡಿಂಗ್ ಮುಂಚೆ ವಾಪಸ್ ಬನ್ನಿ ಅಂದ್ರೆ ಬನ್ನಿ. ಎಮರ್ಜೆನ್ಸಿ ಬಾಗಿಲ ಸಾಲಲ್ಲಿ ಕಾಲು ಚಾಚೋಕೆ ಜಾಗ ಇದೆ ಅಂತ ವಯಸ್ಸಾದವರನ್ನ ಕೂರಿಸೋಕೆ ಹೋಗ್ಬೇಡಿ, ಅಲ್ಲಿ ಬಿಡಲ್ಲ.

ಸೀಟ್ ಆರಿಸೋಕೆ ದುಡ್ಡು ಕೊಡೋ ಅಗತ್ಯನೂ ಇರ್ಲಿಲ್ಲ ಅಂತ ಆಮೇಲೆ ಅನ್ನಿಸ್ತು. ಆದ್ರೆ ಬುಕ್ ಮಾಡುವಾಗ ಕಾಣೋ ಖಾಲಿ ಸೀಟ್ ನಂಬ್ಬೇಡಿ, ಟಿಕೆಟ್ ತಗೊಂಡು ಸೀಟ್ ಆರಿಸದೇ ಬಿಟ್ಟೋರು ಅದ್ರಲ್ಲಿ ಕಾಣಲ್ಲ. ಹಿಂದಿನ ದಿನ ರಾತ್ರಿ ವೆಬ್ ಚೆಕ್‌-ಇನ್ ಮಾಡುವಾಗ ನೋಡಿದ್ರೆ ಸುಮಾರಾಗಿ ನಿಜ ಗೊತ್ತಾಗತ್ತೆ.

ಮೇಲೆ ಹೋದ್ಮೇಲೆ ಮೂರು ಸೀಟಿನ ಮಧ್ಯದ ಕೈಗಳನ್ನ ಮೇಲಕ್ಕೆ ಎತ್ತಿ ಅಮ್ಮನ್ನ ಮಲಗಿಸಿದೆ, ಬೆಲ್ಟ್ ಸೊಂಟಕ್ಕೆ ಹಾಕೇ ಮಲಗಿಸ್ಬೇಕು, ಮರೀಬೇಡಿ. ಮೊದಲನೇ ಸಾಲಲ್ಲಿ ಆ ಕೈ ಏಳಲ್ಲ. ಚಳಿ ಮಾತ್ರ ಸಿಕ್ಕಾಪಟ್ಟೆ, ಜನ ಇದ್ರೆ ಮೈ ಬಿಸಿಗೇ ಒಳಗೆ ಬೆಚ್ಚಗಿರತ್ತೆ, ಖಾಲಿ ವಿಮಾನದಲ್ಲಿ ಅದಿಲ್ಲ. ಶಾಲು, ಕಾಲುಚೀಲ ಕೈಚೀಲದಲ್ಲೇ ಇರ್ಲಿ. ತೂಕ ಕಮ್ಮಿ ಇದ್ದಿದ್ದಕ್ಕೆ ಮೋಡದಲ್ಲಿ ಕುಲುಕಾಟನೂ ಸ್ವಲ್ಪ ಜಾಸ್ತಿ ಅನ್ನಿಸ್ತು, ಭಯ ಪಡೋದೇನಿಲ್ಲ.

ಸಖಿಯರಲ್ಲಿ ಒಬ್ಬಳು ಹಾಸನದ ಹುಡುಗಿ. ಅಮ್ಮ ಕನ್ನಡದಲ್ಲಿ ನೀರು ಕೇಳಿದ್ದೇ ತಡ, "ಬಿಸಿನೀರು ಕೊಡ್ಲಾ ಅಮ್ಮಾ" ಅಂತ ತಂದ್ಲು, ಮಂಡಿ ಕೆಳಗೆ ಇಡೋಕೆ ತನ್ನ ಸ್ವೆಟರ್ ಮಡಿಸಿ ಕೊಟ್ಳು, ಅಮ್ಮ ಬಾಣಂತನಕ್ಕೆ ಹೋಗ್ತಿದಾರೆ ಅಂತ ಗೊತ್ತಾಗಿ ಐದು ನಿಮಿಷ ಪಕ್ಕದಲ್ಲೇ ಕೂತು ಮಾತಾಡಿದ್ಳು. ತುಂಬಿದ ವಿಮಾನದಲ್ಲಿ ಆ ಮಕ್ಕಳಿಗೆ ಉಸಿರಾಡೋಕೂ ಪುರುಸೊತ್ತಿರಲ್ಲ. 2020ರ ಜೂನಲ್ಲಿ, ಲಾಕ್‌ಡೌನಲ್ಲಿ ನಿಂತಿದ್ದ ವಿಮಾನಗಳು ಮೇ 25ಕ್ಕೆ ಮತ್ತೆ ಶುರುವಾದ ಹೊಸದ್ರಲ್ಲಿ, ನಾನೊಬ್ನೇ ಹೋಗಿದ್ದೆ, ಅದೂ ಖಾಲಿನೇ, ಆದ್ರೆ ಮುಖಕ್ಕೆ ಶೀಲ್ಡ್, ಯಾರನ್ನ ನೋಡಿದ್ರೂ ಭಯ. ಮೊದಲ ಸಲ ವಿಮಾನ ಹತ್ತೋ ವಯಸ್ಸಾದವರಿಗೆ ಈಗಿನ ಖಾಲಿ ವಿಮಾನಕ್ಕಿಂತ ಒಳ್ಳೇದು ಇನ್ನೊಂದಿಲ್ಲ.

ಒಂದು ಎಚ್ಚರಿಕೆ ಮಾತ್ರ ಇದೆ. ಜನ ಕಮ್ಮಿ ಇದ್ರೆ ಎರಡು ಫ್ಲೈಟ್ ಸೇರಿಸಿ ಒಂದು ಮಾಡೋದೂ ಉಂಟು. ಫೆಬ್ರವರಿಲಿ ಅಮ್ಮನ್ನ ಕರ್ಕೊಂಡ್ ಬರೋಕೆ ಹೊರಟಾಗ ನಂಗೆ ಅದೇ ಆಯ್ತು, ಬೆಳಗಿನ ಫ್ಲೈಟ್ ರದ್ದಾಗಿ ಸಂಜೆಗೆ ಹಾಕಿದ್ರು. ಮೆಸೇಜ್ ಮೂರು ದಿನ ಮುಂಚೆನೇ ಬಂದಿತ್ತಂತೆ, ಆದ್ರೆ ಟಿಕೆಟ್ ಮಾಡಿಕೊಟ್ಟ ಏಜೆಂಟ್ ತನ್ನ ನಂಬರ್ ಹಾಕಿದ್ದ, ನಂಗೆ ಹೇಳೇ ಇಲ್ಲ. ದೇವನಹಳ್ಳಿ ತನಕ ಹೋಗಿ ಇಡೀ ದಿನ ಕಾದೆ. ವಿಮಾನ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಡಿಜಿಸಿಎ ರೂಲ್ ಪ್ರಕಾರ ಮುಂಚೆ ತಿಳಿಸದೇ ರದ್ದು ಮಾಡಿದ್ರೆ ಎರಡು ಗಂಟೆ ಮೇಲಿನ ಹಾರಾಟಕ್ಕೆ 10,000 ರೂಪಾಯಿ, ಇಲ್ಲಾ ಟಿಕೆಟ್ಟಿನ ಮೂಲ ದರ ಮತ್ತೆ ಇಂಧನ ಚಾರ್ಜ್, ಎರಡ್ರಲ್ಲಿ ಯಾವುದು ಕಮ್ಮಿನೋ ಅದು ಪರಿಹಾರ. ಆದ್ರೆ ಸರಿಯಾದ ಫೋನ್ ನಂಬರ್ ಕೊಡದೇ ಇದ್ರೆ ಅದೂ ಸಿಗಲ್ಲ. ಹಂಗಾಗಿ ಟಿಕೆಟ್ ಕೈಗೆ ಬಂದ ತಕ್ಷಣ ನಂಬರ್ ನಿಮ್ಮದಾ ನೋಡಿ, ಹಿಂದಿನ ದಿನ ಇನ್ನೊಂದ್ಸಲ ಚೆಕ್ ಮಾಡಿ.

ಲಕ್ನೋದಲ್ಲಿ ಏರ್‌ಪೋರ್ಟಿಂದಲೇ ಮೆಟ್ರೋ ಇದೆ, ಊರೊಳಗೆ ಹೋಗೋಕೆ ಅದೇ ಸಲೀಸು. ಡಿಸೆಂಬರ್, ಜನವರಿಲಿ ಹೋಗೋದಾದ್ರೆ ಬೆಳಗಿನ ಫ್ಲೈಟ್ ಬೇಡ, ಅಲ್ಲಿ ಮಂಜು ಕವಿದ್ರೆ ಗಂಟೆಗಟ್ಟಲೆ ತಡ ಆಗತ್ತೆ, ಮಧ್ಯಾಹ್ನ 1 ಗಂಟೆ ಮೇಲೆ ಇಳಿಯೋ ಥರದ್ದು ನೋಡ್ಕೊಳ್ಳಿ.